ಟೀಚರ ಪರವಾಗಿ

ಹತ್ತೊಂಬತ್ತು ವರ್ಷ ಹಳೇ ಗೋವಾಕ್ಕ ಗಾಡಿ ಹೊಡದೇನಿ.
ಏನೈತಿ ಅಲ್ಲೆ ಅಂತ ಕೇಳಿದರ ಹೇಳತೇನಿ:
ಪಾರ್ಕಿಂಗಿನ್ಯಾಗ ಮೂರು ಗಿಡ,
ಎರಡನೇದರ ನೆರಳು ಹನ್ನೊಂದರ ತನಕ,
ಆಮ್ಯಾಲೆ ಮೂರನೇದರ ಕೆಳಗ ಹಚ್ಚಬೇಕು.
ಚಾದಂಗಡಿಯಾಂವ ಬಾಗಲಕೋಟಿ ಕಡೆಯಾಂವ,
ಸಕ್ಕರಿ ಜಾಸ್ತಿ ಹಾಕತಾನ.
ಇಗರ್ಜಿ?
ಟವೆಲ್ ಮಾರಿಮ್ಯಾಲ ಎಳಕೊಳ್ಳೂ ಮೊದಲ
ಕಾಜಿನ್ಯಾಗ ಒಂಚೂರು ಬೆಳ್ಳಗ ಕಾಣತಿತ್ತು.

ಇವತ್ತ ರಾಣೇಬೆನ್ನೂರಿನ ನಿವೃತ್ತ ಶಿಕ್ಷಕರು,
ಮೂವತ್ತೇಳು ಮಂದಿ, ಮೂವತ್ತೇಳು ನೀರಿನ ಬಾಟ್ಲಿ,
ಎಣಿಸೋದು ಅವರ ಚಟ, ಇಳಿಯೂ ಮುಂದನೂ ಎಣಿಸಿದರು,
ಒಂದು ಕಡಿಮಿ ಬಂತು.
ನೀಲಗಂಗಾ ಟೀಚರು ಮೆಟ್ಟಲಿಗೆ ಒಂದು ಕಾಲಿಟ್ಟು
ವಾಪಸ್ ತಗೊಂಡಿದ್ದರು,
ಹಲಗಿ ಮ್ಯಾಲಿನ ತಪ್ಪು ಉತ್ತರ ಅಳಿಸಿದಂಗ.

'ದಾವಲಸಾಬ, ಈ ಮಣಕಾಲು ಇನ್ನ ಬರಾಂಗಿಲ್ಲ. ನೀ ಹೋಗು.
ಗಾಡಿ ನಾ ಕಾಯತೇನಿ.
ಮೂವತ್ತೆರಡು ವರ್ಷ ಏಳನೇತ್ತಕ್ಕ ಇದನ್ನ ಕಲಿಸೇನಿ,
ಸಾವಿರದ ಐನೂರಾ ಹತ್ತು, ಸಾವಿರದ ಐನೂರಾ ಹತ್ತು,
ಮರತ ಹುಡುಗರ ಕಿವಿ ಹಿಂಡೇನಿ.
ಹೆಂಗೈತಿ ನೋಡಿ ಬಂದು ಹೇಳು.
ಬರೇ ದೊಡ್ಡದೈತಿ ಅಂದರ ನಂಬರು ಕೊಡಾಂಗಿಲ್ಲ.'

ಹೋದೆ.
ಕಿಸೆದಾಗ ಗಾಡಿ ಕೀಲಿ ಸಪ್ಪಳ ಮಾಡತಿತ್ತು,
ಎಲ್ಲಾರೂ ತಿರುಗಿ ನೋಡತಾರ ಅನಿಸಿ ಮುಷ್ಟ್ಯಾಗ ಹಿಡಕೊಂಡೆ.

ಕೆಂಪು ಕಲ್ಲಿಂದು ಮೊದಲ.
ಗಿಲಾವ್ ಮಾಡಸೂದರಾಗ ರೊಕ್ಕ ಮುಗಿದ ಮನಿಯಂಗೈತಿ.
ಗೈಡ್ ಕಯಿತಾನ್ ಹಿಂದಿಯೊಳಗ ಹೇಳಿದ,
ಗಿಲಾವ್ ಇತ್ತು, ತಗದಾರ, ಈಗ ಮಳಿ ಕಲ್ಲು ತಿನ್ನತೈತಿ.
ಒಳಗ ಸಂತ ಮ್ಯಾಲೆ ಬೆಳ್ಳಿ ಪೆಟಿಗ್ಯಾಗ,
ಅವನ ಕೆಳಗ ಎತ್ತಿದ ಫೋನುಗಳು,
ಫೋನುಗಳ ಹಿಂದ ನಾ, ಐದು ಅಡಿ ಎರಡು ಇಂಚು.

ಅದಕ್ಕ ರಸ್ತೆ ದಾಟಿ ಆಕಡೆ ಇಗರ್ಜಿಯೊಳಗ ನೆಲಾ ನೋಡಿದೆ.
ನೆಲದ ತುಂಬ ಗೋರಿ. ಅಕ್ಷರಾ, ಢಾಲು,
ಕರೆಂಟಿನ ಕಂಬಕ್ಕ ಬಡದಿರತಾರಲ್ಲ, ಅಂಥಾ ಬುರುಡಿ, ಎರಡು ಎಲಬು.
ಮಂದಿ ತುಳಕೋತ ಹೊಂಟಿದ್ದರು.
ನನಗ ಆಗಲಿಲ್ಲ. ಗುಂಡಿ ತಪ್ಪಿಸಿದಂಗ
ಎಡಕ್ಕ, ಬಲಕ್ಕ, ಮತ್ತ ಎಡಕ್ಕ,
ಹಿಂದಿನಾಕಿ ಕುಡದಾನ ಅಂದಳು.

ಮ್ಯೂಜಿಯಮ್ಮಿನ್ಯಾಗ ಲಾಟ್ ಸಾಹೇಬರ ಚಿತ್ರ, ಸಾಲಕ ಸಾಲು,
ಎಲ್ಲಾರಿಗೂ ಒಂದ ಥರಾ ಶೆಕಿ ಆಗೇತಿ.
ಮೂಲ್ಯಾಗ ಒಂದು ವೀರಗಲ್ಲು:
ಹಡಗ, ಹುಟ್ಟು ಹಾಕೂ ಮಂದಿ, ಬಿದ್ದಾಂವ ಒಬ್ಬ,
ಬಗಲಿನ ಫಳಿ ಮ್ಯಾಲೆ ಕದಂಬರು ಅಂತ ಇತ್ತು.
ನನಗ ಗೊತ್ತಿದ್ದ ಕದಂಬ ಇಲ್ಲಿ ಸರಕಾರಿ ಬಸ್ಸು,
ಮೂರು ಸಲ ನನ್ನ ಬಾಜೂ ಕನ್ನಡಿ ಒಯ್ದೈತಿ.
ಆದರೂ ಅವಗೊಂದು ಸಲಾಂ ಹಾಕಿದೆ,
ನಡುನೀರಾಗ ಗಾಡಿ ಬಿಡದಾಂವ.

ಟೀಚರು ಪೆನ್ನು ಹಿಡಕೊಂಡ ಕುಂತಿದ್ದರು.
'ಬಿಳೀ ಇಗರ್ಜಿಗೆ ಗೋಪುರ ಎಷ್ಟು?'
'ಒಂದ್ರಿ. ಎರಡಿದ್ದೂವು. ಬಲಗಡೇದು ಬಿದ್ದೈತಿ.'
'ಸಾವಿರದ ಏಳನೂರಾ ಎಪ್ಪತ್ತಾರು,' ಕಣ್ಣು ಮುಚ್ಚಿ ಅಂದರು.
ಇಸವಿ ಅವರ ಹತ್ರ ಇತ್ತು,
ನನ್ನ ಹತ್ರ ಅದು ಬಿದ್ದ ಜಾಗಾ:
ಗೋಪುರದಷ್ಟ ಅಗಲ ಮುಗಿಲು,
ಅದರಾಗ ಒಂದು ಹದ್ದು.
'ಗೋರಿ ಮ್ಯಾಲ ಯಾರ ಹೆಸರು?'
'ಓದಾಕ ಬರಲಿಲ್ರಿ. ಅರ್ಧಾ ಸವದಿತ್ತು.'
ತಮ್ಮ ಕಾಲು ನೋಡಕೋತ ಸುಮ್ಮನಾದರು.
'ಅರವತ್ತೈದು,' ಅಂದರು ಕಡೀಕ. 'ಸಂತನ್ನ ನೀ ನೋಡೇ ಇಲ್ಲ.'

ಎಲ್ಲಾರೂ ಹತ್ತಿದರು. ಎಣಿಸಿದರು. ಮೂವತ್ತೇಳು.
ತಿರುವಿನ್ಯಾಗ ಗಾಡಿ ನಿಲ್ಲಿಸಿ,
ತಲಿಮ್ಯಾಲಿನ ಕನ್ನಡಿ ಒಂದು ಬೆರಳಷ್ಟ ವಾಲಿಸಿದೆ,
ಎರಡನೇ ಸೀಟಿಗೆ ಕಾಣೂವಂಗ.
'ಬಲಕ್ಕೈತಲ್ಲೋ ಗೋಪುರ! ಬಲಗಡೇದ ಬಿದ್ದೈತಿ ಅಂದಿ?'
'ಕನ್ನಡಿರೀ ಟೀಚರ.'
ಹಿಂದ ಮಡಗಾಂವಿನ ಕದಂಬ ಹಾರ್ನ್ ಹೊಡೀತಿತ್ತು.
ಹೊಡೀಲಿ ಬಿಡು ಅಂತ
ಅವರು ನೋಡೂತನಕ ಬ್ರೇಕಿನ ಮ್ಯಾಲ ಕಾಲಿಟ್ಟಿದ್ದೆ.